ಬೀಸುಕಲ್ಲಿನ ಎದುರಿಗೆ ಕುಳಿತವಳು

ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳಿ? ಆದರೆ ತೀರಿಹೋದ ಅಜ್ಜಿಯ ಮೇಲೆ ಹೊಟ್ಟೆಕಿಚ್ಚು ಪಡುವ ಮೊಮ್ಮಗ ಇಡೀ ಗೋಕಾಕದಲ್ಲಿ ನಾನೊಬ್ಬನೇ ಇರಬೇಕು. ನಾನೇ ಪದ ಕಟ್ಟಿ, ನಾನೇ ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಇಂಟರ್ನೆಟ್ಟಿಗೆ ಏರಿಸುತ್ತೇನೆ. ಈ ವ್ಯವಹಾರಕ್ಕೆ 'ಒಬ್ಬಂಟಿ ಮೇಳ' ಎಂದು ಹೆಸರೂ ಇಟ್ಟಿದ್ದೇನೆ. ನಾಲ್ಕು ವರ್ಷ ಅದನ್ನು ಕೇಳಿದವರು ನಮ್ಮ ಬೀಗರು ಮಾತ್ರ. ಅವರೂ ಪೂರ್ತಿ ಕೇಳಿರಲಿಕ್ಕಿಲ್ಲ.

ಹೊಸದೇನಾದರೂ ಮಾಡೋಣವೆಂದು ಒಂದು ಮಧ್ಯಾಹ್ನ ಅಜ್ಜಿಯ ಬೀಸುಕಲ್ಲು ತಿರುವುತ್ತ ಹಾಡಿದೆ. ಬೀಸುವ ಪದಕ್ಕೆ ಒಂದು ರೂಢಿಯಿದೆ. ಎದುರುಬದುರು ಕುಳಿತ ಇಬ್ಬರಲ್ಲಿ ಒಬ್ಬಳು ಸಾಲಿನ ಕೊನೆ ಬಿಟ್ಟರೆ ಇನ್ನೊಬ್ಬಳು ಅದನ್ನು ಎತ್ತಿಕೊಳ್ಳಬೇಕು. ಚಿಕ್ಕಂದಿನಲ್ಲಿ ಕೇಳಿದ ರೂಢಿ ನೋಡಿ, ಎದುರಿಗೆ ಯಾರೂ ಇಲ್ಲದಿದ್ದರೂ ನಾನು ಕೊನೆ ಬಿಟ್ಟೆ. ಆಮೇಲೆ ರೆಕಾರ್ಡ್ ಹಚ್ಚಿದರೆ, ಬಿಟ್ಟ ಮಾತನ್ನು ಒಬ್ಬ ಹೆಂಗಸು ಹಾಡಿದ್ದಳು. ಆ ಪದ ನಾನು ಹಿಂದಿನ ದಿನವಷ್ಟೇ ಬರೆದದ್ದು! ಆದರೂ ಏರಿಸಿದೆ.

ತುಕ್ಕಾನಟ್ಟಿಯ ಸೋದರತ್ತೆ ಫೋನಿನಲ್ಲೇ ಅತ್ತಳು. "ತಮ್ಮಾ, ಇದು ನಮ್ಮವ್ವನ ದನಿ ಐತೋ! ನೀ ಸೊಲ್ಲ ಬಿಟ್ಟಿ, ಆಕಿ ಎತ್ಕೊಂಡ್ಳು. ನೀನ ಕರದಿ, ಇನ್ನ ಹೋಗಂದ್ರ ಹೋಗಾಕಿಲ್ಲ."

ಪದ ಊರೂರು ತಿರುಗಿತು. ಮೂಡಲಗಿಯ ಚಹಾದಂಗಡಿಯಲ್ಲೂ ಕೇಳಿದೆ. ಹೊಗಳಿಕೆಯೆಲ್ಲ ಅಜ್ಜಿಗೆ. "ಗಂಡಸಿನ ದನಿ ತಗದ್ರ ಇನ್ನೂ ಚಲೋ" ಎಂದು ಒಬ್ಬ ಪುಣ್ಯಾತ್ಮ ಬರೆದಿದ್ದ. ಕೊನೆಗೆ ನನ್ನ ಬಾಳಿನ ಮೊದಲ ವೇದಿಕೆಗೆ ಹುಕ್ಕೇರಿಯಿಂದ ಕರೆ ಬಂತು. "ನಿಮ್ಮ ಜೋಡಿ ಹಾಡಿದ ಅಕ್ಕಾರನ್ನ ಕರ್ಕೊಂಡ ಬರ್ರಿ. ಅವರು ಬರೂದಿಲ್ಲಂದ್ರ ನೀವೂ ತ್ರಾಸ ತಗೋಬ್ಯಾಡ್ರಿ."

ಎಲ್ಲಿಲ್ಲದ ಸಿಟ್ಟು ಬಂತು. ಪದ ನನ್ನದು, ಮೇಳ ನನ್ನದು! ಇವತ್ತು ಮಧ್ಯಾಹ್ನ ಕಲ್ಲಿನ ಮುಂದೆ ಕುಳಿತು, ಕೊನೆ ಬಿಡದೆ ಇಡೀ ಸಾಲು ನಾನೇ ಹಾಡಿದೆ. ಕಲ್ಲು ನಿಂತುಬಿಟ್ಟಿತು. ಎರಡೂ ಕೈಯಿಂದ ಎಳೆದರೂ ಅಲ್ಲಾಡಲಿಲ್ಲ. ಗೂಟವನ್ನು ಆಚೆಯಿಂದ ಯಾರೋ ಹಿಡಿದಿದ್ದರು. ಬೆವರುತ್ತ ಹಾಡು ನಿಲ್ಲಿಸಿದೆ. ಆಗ ನನ್ನ ಪದದ ಮೊದಲ ಸಾಲು ಎದುರಿನಿಂದ ಬಂತು, ಕೊನೆ ಬಿಟ್ಟು ನಿಂತಿತು.

ಎದ್ದು ಓಡಬಹುದಿತ್ತು. ಬಿಟ್ಟ ಕೊನೆಯನ್ನು ಎತ್ತಿಕೊಂಡೆ. ಕಲ್ಲು ಹಗುರಾಗಿ ತಿರುಗಿತು.

ಹುಕ್ಕೇರಿಯವರು ಪೋಸ್ಟರಿಗೆ ಹೆಸರು ಕೇಳಿದ್ದರು. ಮೇಲೆ ದೊಡ್ಡದಾಗಿ ಅಜ್ಜಿಯದು, ಕೆಳಗೆ 'ಹಿಮ್ಮೇಳ' ಎಂದು ನನ್ನದು ಕೊಟ್ಟಿದ್ದೇನೆ.