ಆ ಐದು ಅಂಕ ನುಂಗಿದವರು ಯಾರು?

ರೆಮೆದಿಯೋಸ್: ಒಂದೇ ಒಂದು ಚೆಂಡು ಗೆದ್ದಿದ್ದಕ್ಕೆ ಹದಿನೈದಾ? ನನ್ನ ಮೀನಂಗಡೀಲಿ ಹೀಗೆ ತೂಗಿದ್ರೆ ಮಾಲಗಾ ಊರೆಲ್ಲ ಸೇರಿ ನನ್ನನ್ನ ಓಡಿಸುತ್ತೆ.

ಫೆರ್ಮಿನ್: ಇದು ತೂಕ ಅಲ್ವೇ, ಪಾಡೆಲ್! ಮೊದಲ್ನೇದಕ್ಕೆ ಹದಿನೈದು, ಎರಡನೇದಕ್ಕೆ ಮೂವತ್ತು, ಮೂರನೇದಕ್ಕೆ ನಲವತ್ತು.

ರೆಮೆದಿಯೋಸ್: ನಲವತ್ತೈದಲ್ವಾ? ಆ ಐದನ್ನ ಯಾರು ನುಂಗಿದ್ರು?

ಫೆರ್ಮಿನ್: ತಲೆ ತಿನ್ಬೇಡ. ನಾಲ್ಕನೇದು ಗೆದ್ರೆ ಒಂದು ಗೇಮ್. ಆರು ಗೇಮ್ ಆದೋರಿಗೆ ಸೆಟ್.

ಸುತ್ತ ಗಾಜಿನ ಗೋಡೆ ಕಟ್ಟಿ ಟೆನಿಸ್‌ನಂತೆ ಆಡುವ ಈ ಆಟವನ್ನು ಮೂರು ತಿಂಗಳಿಂದ ಆಡುತ್ತಿದ್ದ ಗಂಡ ಫೆರ್ಮಿನ್‌ಗೆ ನಿಯಮದ ಪುಸ್ತಕವೆಲ್ಲ ಬಾಯಿಪಾಠ. ರ‍್ಯಾಕೆಟ್ ಹಿಡಿದು ಎರಡನೇ ಶನಿವಾರವಷ್ಟೇ ಆಗಿದ್ದ ರೆಮೆದಿಯೋಸ್‌ಗೆ ಗೊತ್ತಿದ್ದುದು ಒಂದೇ: ಸೋತವರ ಮನೆಯಲ್ಲಿ ಈ ಸಲದ ಕ್ರಿಸ್‌ಮಸ್ ಊಟ, ಇಪ್ಪತ್ತೆರಡು ಜನಕ್ಕೆ. ಪಂದ್ಯ ಕಟ್ಟಿದವನು ಅವನೇ, ಅವಳನ್ನು ಒಂದು ಮಾತೂ ಕೇಳದೆ. ನೆಟ್ಟಿನ ಆಚೆ ಅವನ ಅಕ್ಕ ಕಸಿಲ್ಡಾ, ಭಾವ ಲೆಯಾಂದ್ರೋ ಆಗಲೇ ಐದು ಗೇಮ್ ಗೆದ್ದು ನಿಂತಿದ್ದರು. ಇವರದು ನಾಲ್ಕು. ಆಡಬೇಕಿದ್ದುದು ಒಂದೇ ಸೆಟ್.

ಕಸಿಲ್ಡಾ (ಸರ್ವ್ ಮಾಡಲು ಬಂದು): ಸೊನ್ನೆ, ಹದಿನೈದು.

ರೆಮೆದಿಯೋಸ್: ಗೆದ್ದವಳು ನಾನು. ನಿನ್ನ ಸೊನ್ನೆ ಯಾಕೆ ಮೊದಲು, ಅತ್ತಿಗೆ?

ಫೆರ್ಮಿನ್: ಸರ್ವ್ ಮಾಡೋರ ಅಂಕಾನೇ ಮೊದಲು ಹೇಳ್ಬೇಕು ಕಣೆ.

ರೆಮೆದಿಯೋಸ್: ಓಹೋ, ಇಲ್ಲಿ ಸೊನ್ನೆಗೂ ಮರ್ಯಾದೆ! ಅದಕ್ಕೇ ನಿನಗೆ ಈ ಆಟ ಇಷ್ಟ.

ಮುಂದೆ ಫೆರ್ಮಿನ್ ಎರಡು ಚೆಂಡನ್ನು ನೆಟ್ಟಿಗೆ ಹೊಡೆದ. ತಪ್ಪು ಗಾಳಿಯದಂತೆ. ಎಳೆದಾಡಿ ಅಂತೂ ನಲವತ್ತು-ನಲವತ್ತಾಯಿತು.

ಫೆರ್ಮಿನ್: ಇದು ಚಿನ್ನದ ಅಂಕ! ಇದೊಂದು ಗೆದ್ದೋರಿಗೇ ಗೇಮ್. ಯಾರು ಚೆಂಡು ತಗೋಬೇಕು ಅನ್ನೋದು ನಮ್ಮಿಷ್ಟ. ನೀನು ಪಕ್ಕಕ್ಕೆ ನಿಂತ್ಕೋ, ನಾನಿದ್ದೀನಿ.

ಲೆಯಾಂದ್ರೋ: ಪಂಡಿತರೇ, ಗಂಡು-ಹೆಣ್ಣು ಜೋಡಿ ಆಡುವಾಗ ಈ ಅಂಕಕ್ಕೆ ಹೆಂಗಸಿನ ಸರ್ವನ್ನ ಹೆಂಗಸೇ ತಗೋಬೇಕು. ಹೋದ ವಾರ ನೀವೇ ಪಾಠ ಮಾಡಿದ್ದು.

ಫೆರ್ಮಿನ್: ಅದು... ದೊಡ್ಡ ಪಂದ್ಯಗಳಲ್ಲಿ.

ಕಸಿಲ್ಡಾ: ನಿಯಮ ಅಂದ್ರೆ ನಿಯಮ ಅಂತ ಬೆಳಿಗ್ಗೆಯಿಂದ ಕಿರುಚ್ತಿದ್ದೆಯಲ್ಲೋ ತಮ್ಮಾ!

ಕಸಿಲ್ಡಾ ಹೊಡೆದ ಚೆಂಡು ಪುಟಿದು ರೆಮೆದಿಯೋಸ್ ಹಿಂದಿನ ಗಾಜಿನ ಗೋಡೆಗೆ ಬಡಿದು ವಾಪಸ್ ಬಂತು. ಮೀನಿನ ತಲೆ ಕತ್ತರಿಸುವ ಕೈ ಒಮ್ಮೆ ಬೀಸಿತು. ಚೆಂಡು ಅಕ್ಕ-ಭಾವಂದಿರ ನಡುವೆ ನುಗ್ಗಿ ನೆಲಕ್ಕೆ ಬಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅದು ಎರಡನೇ ಸಲ ಪುಟಿಯುವ ಮೊದಲೇ ಫೆರ್ಮಿನ್ ಕುಣಿಯುತ್ತ ಹೋಗಿ ನೆಟ್ಟನ್ನು ಅಪ್ಪಿಕೊಂಡ.

ಫೆರ್ಮಿನ್: ಗೆದ್ವಿ! ಗೆದ್ವಿ!

ಕಸಿಲ್ಡಾ: ಚೆಂಡು ಆಟದಲ್ಲಿರುವಾಗಲೇ ನೆಟ್ ಮುಟ್ಟಿದ್ರೆ ಏನಪ್ಪಾ ನಿಯಮ?

ಫೆರ್ಮಿನ್ (ಸಣ್ಣ ದನಿಯಲ್ಲಿ): ಅಂಕ... ಎದುರಿನೋರಿಗೆ. ಸೆಟ್ಟೂ.

ರೆಮೆದಿಯೋಸ್‌ಗೆ ಮೊದಲು ಅಳು ಬಂತು. ಹುಟ್ಟಿದಾಗಿನಿಂದ ಅಷ್ಟು ಚೆನ್ನಾಗಿ ಅವಳು ಏನನ್ನೂ ಹೊಡೆದಿರಲಿಲ್ಲ. ಆಮೇಲೆ ಸಿಟ್ಟು ಬಂತು, ಅದೇ ವಾಸಿ ಅನ್ನಿಸಿತು.

ರೆಮೆದಿಯೋಸ್: ಮೀನು ನಾನು ತರ್ತೀನಿ. ಬೇಯಿಸೋದು, ಬಡಿಸೋದು, ತೊಳೆಯೋದು ಪಂಡಿತರ ಪಾಲು.

ಫೆರ್ಮಿನ್: ಅಯ್ಯೋ, ನಾಲ್ಕು ತಟ್ಟೆ ತೊಳೆಯೋದೇನು ಮಹಾ...

ರೆಮೆದಿಯೋಸ್: ಇಪ್ಪತ್ತೆರಡು! ನನ್ನ ಅಡುಗೆಮನೇಲಿ ಒಂದು ತಟ್ಟೆ ತೊಳೆದ್ರೆ ಒಂದೇ ಲೆಕ್ಕ ಕಣಯ್ಯಾ, ಹದಿನೈದಲ್ಲ.