ಹುರಿಗಾಳಿಗಾಗಿ ನಾಲ್ಕು ಹಲ್ಲು

ದವಡೆ ಹಲ್ಲುಗಳೆಲ್ಲ ಒಂದೊಂದಾಗಿ ಕೈಕೊಟ್ಟ ಮೇಲೂ ನಾನು ಎಂಟು ವರ್ಷ ಘನತೆಯಿಂದಲೇ ಊಟ ಮಾಡಿದೆ. ನಮ್ಮ ನಂಜನಗೂಡಿನ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹಲ್ಲಿನ ಹಂಗೇ ಇಲ್ಲ!

ತೊಂದರೆಯಿದ್ದದ್ದು ಮೂಗೂರಿನ ಪುಟ್ಟಕ್ಕನ ಮನೆಯಲ್ಲಿ. ಅಮ್ಮನಂತೆಯೇ ಅಕ್ಕನೂ ಮರಳಿನಲ್ಲಿ ಅವರೆಕಾಳು ಹುರಿಯುತ್ತಾಳೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಜಗಲಿಯ ಮೇಲೆ ಕೂತು, ಯಾರು ಹೆಚ್ಚು ಸದ್ದಾಗುವಂತೆ ಕಾಳು ಕಡಿಯುತ್ತೇವೆಂದು ಪಂದ್ಯ ಕಟ್ಟುತ್ತಿದ್ದೆವು. ಅಪ್ಪ ಒಳಗಿನಿಂದ ಬೈಯುವವರೆಗೂ ಪಂದ್ಯ ಮುಗಿಯುತ್ತಿರಲಿಲ್ಲ. ಆ ಸಂಜೆಗಳು ನನಗೆ ಈಗಲೂ ಬೇಕು. ಆದರೆ ಆ ಎಂಟು ವರ್ಷವೂ ಅವಳು ಕೊಟ್ಟ ಕಾಳನ್ನು ಬಾಯಿಗೆ ಹಾಕಿದಂತೆ ಮಾಡಿ ಜೇಬಿಗೆ ಇಳಿಸುತ್ತಿದ್ದೆ. ಹಲ್ಲು ಹೋಯಿತೆಂದರೆ, ತಮ್ಮನಿಗೂ ವಯಸ್ಸಾಯಿತೆಂದು ಕೊರಗುತ್ತಾಳೆ ಎಂಬ ಭಯ.

ಕೊನೆಗೆ ಇಂಪ್ಲಾಂಟ್ ಹಾಕಿಸಲು ನಿಶ್ಚಯಿಸಿದೆ. ಡಾಕ್ಟರು ದವಡೆ ಮೂಳೆಗೆ ಸ್ಕ್ರೂ ತಿರುಗಿಸಿ, ತಿಂಗಳುಗಟ್ಟಲೆ ಕಾಯಿಸಿ, ಎಡಗಡೆ ಮೇಲೆರಡು, ಕೆಳಗೆರಡು, ಒಟ್ಟು ನಾಲ್ಕು ಹಲ್ಲು ಕೂರಿಸಿದರು. ಸದ್ಯಕ್ಕೆ ಗಟ್ಟಿ ಪದಾರ್ಥ ಬೇಡವೆಂದೂ ಹೇಳಿದರು. ಆ ಮಾತು ಬೇರೆ ರೋಗಿಗಳಿಗೆ ಅನ್ವಯಿಸುವುದೆಂದು ತೀರ್ಮಾನಿಸಿ, ಮರುದಿನವೇ ಅಕ್ಕನ ಊರಿಗೆಂದು ನರಸೀಪುರದ ಬಸ್ಸು ಹತ್ತಲು ಹೊರಟೆ.

"ಅಲ್ಲಿ ಹೋಗಿ ಶೂರತನ ತೋರಿಸ್ಬೇಡಿ ಕಣ್ರೀ" ಎಂದಳು ಹೆಂಡತಿ. ನಾನು ಹಲ್ಲು ಕಿರಿದೆ.

ಅಕ್ಕ ಮುದ್ದೆ, ಬಸ್ಸಾರು ಬಡಿಸಿದಳು. ಹೊಸ ಹಲ್ಲಿನ ಉತ್ಸಾಹದಲ್ಲಿ ಹುಟ್ಟಿದ ಸೀಮೆಯನ್ನೇ ಮರೆತು ಅಗಿಯತೊಡಗಿದೆ! ಮುದ್ದೆ ನಾಲ್ಕೂ ಹಲ್ಲಿಗೆ ಮೆತ್ತಿಕೊಂಡು ದವಡೆ ಅಲ್ಲೇ ಅಂಟಿ ನಿಂತಿತು.

"ಏನ್ಲಾ, ಪ್ಯಾಟೆಯೋರಂಗೆ ಮುದ್ದೆ ಅಗೀತಿದ್ದೀಯ? ಬಾಯಿ ಬುಡು ನೋಡಾನ" ಎಂದಳು ಅಕ್ಕ.

ನೋಡಿದಳು. ವಿಷಯ ಹೊರಬಿತ್ತು. ಅವಳಿಗೆ ನನ್ನ ಹಳೆಯ ಕಳ್ಳಾಟವೂ ಗೊತ್ತಿತ್ತು. ನನ್ನ ಜೇಬಿನಿಂದ ಜಗಲಿಯ ಮೇಲೆ ಉದುರಿದ ಕಾಳನ್ನು ಗುಡಿಸುತ್ತಿದ್ದವಳು ಅವಳೇ. ಅವಳ ದವಡೆ ಹಲ್ಲುಗಳೂ ಹೋಗಿ ವರ್ಷಗಳಾಗಿದ್ದವು. ನನಗೆ ಕಾಣದಂತೆ ಅವಳೂ ಕಾಳನ್ನು ಸೆರಗಿನಲ್ಲಿ ಅಡಗಿಸುತ್ತಿದ್ದಳಂತೆ!

"ನಾನಂತೂ ಇನ್ನು ಕಡಿಯಂಗಿಲ್ಲ. ನೀನು ಒಂದ್ ಕಾಳ ಕಡಿ. ಆ ಸದ್ದು ಕೇಳಿ ಬಾಳ ದಿನ ಆಯ್ತು ಕಣೋ."

ಅಕ್ಕನ ಕಣ್ಣು ಒದ್ದೆಯಾಗಿತ್ತು. ದೊಡ್ಡದೊಂದು ಕಾಳು ಆರಿಸಿ ಬಾಯಿಗೆ ಹಾಕಿಕೊಂಡೆ. ಆದರೆ ಎಂಟು ವರ್ಷದಿಂದ ಸಿಕ್ಕಿದ್ದನ್ನೆಲ್ಲ ಮುಂದಿನ ಹಲ್ಲಿಗೇ ಒಪ್ಪಿಸಿ ರೂಢಿಯಾಗಿದ್ದ ನಾಲಗೆ, ಅದನ್ನೂ ಸೀದಾ ಮುಂದಕ್ಕೆ ತಳ್ಳಿತು. ಕಟಂ!

"ಅದೇ ಸದ್ದು ಕಣ್ಲಾ" ಎಂದು ಅಕ್ಕ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದಳು.

ಕಾಳಿಗೆ ಏನೂ ಆಗಿರಲಿಲ್ಲ. ಮುರಿದದ್ದು ನನ್ನ ಸ್ವಂತ ಮುಂದಿನ ಹಲ್ಲು. ಬಾಯಿ ಮುಚ್ಚಿಕೊಂಡೇ ನಕ್ಕು, ಚೂರನ್ನು ಎಂದಿನಂತೆ ಜೇಬಿಗೆ ಇಳಿಸಿದೆ.