ಸೋಬಾನೆ ಕ್ಯಾಸೆಟ್ಟು

ಬೇರೆಯವರ ಮನೆಗೆ ಟೇಪ್ ರೆಕಾರ್ಡರ್ ಬಂದರೆ ಹಾಡು ಬರುತ್ತದೆ. ನಮ್ಮ ಮನೆಗೆ ಹಾಡಿಗಿಂತ ಪಜೀತಿಯೇ ಹೆಚ್ಚು ಬಂತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮಣ್ಣ ಗೌರಿಬಿದನೂರಿನಿಂದ ಅದನ್ನು ತಂದ ದಿನದಿಂದ ಹಿಡಿದು, ಕ್ಯಾಸೆಟ್ಟು ಅನ್ನುವುದೇ ಲೋಕದಿಂದ ಎದ್ದು ಹೋಗುವ ತನಕ ಏನಾದರೊಂದು ನಡೆಯುತ್ತಲೇ ಇತ್ತು. ಇವನ್ನೆಲ್ಲ ಹೇಳಿಕೊಂಡು ನಾನೂ ನಗುತ್ತೇನೆ. ಕೊನೆಯದಕ್ಕೆ ಮಾತ್ರ ನನಗೆ ನಗು ಸ್ವಲ್ಪ ತಡವಾಗಿ ಬರುತ್ತದೆ.

ಬೇಯದ ಹಾಡು

ನಮ್ಮೂರು ವಿದುರಾಶ್ವತ್ಥದಿಂದ ಒಂದಿಷ್ಟು ಒಳಗೆ. ಅಲ್ಲಿ ಕ್ಯಾಸೆಟ್ಟು ಕೊಳ್ಳುವುದಕ್ಕಿಂತ ರೇಡಿಯೋ ಹಾಡನ್ನು ಹಿಡಿದಿಟ್ಟುಕೊಳ್ಳುವುದೇ ರೂಢಿ. ಅಪ್ಪನ ಕಾಲದ ರೇಡಿಯೋ ಎದುರಿಗೆ ಟೇಪ್ ರೆಕಾರ್ಡರನ್ನು ಮುಖಾಮುಖಿ ಕೂರಿಸಿ, ಕೆಂಪು ಗುಂಡಿಯನ್ನೂ ಪಕ್ಕದ್ದನ್ನೂ ಒಟ್ಟಿಗೆ ಒತ್ತಿ, ನಾನು ಬೆರಳೆತ್ತುತ್ತಿದ್ದೆ. ಬೆರಳು ಇಳಿಯುವ ತನಕ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿಲ್ಲ. ಅಜ್ಜಿಗೆ ಬಾಯಿ ಮುಚ್ಚಿ ಕೂರಲು ಬರುವುದಿಲ್ಲವೆಂದು ಅವಳನ್ನು ಅಂಗಳಕ್ಕೆ ಕಳಿಸಿಬಿಡುತ್ತಿದ್ದೆವು.

ಒಂದು ದಿನ ನನಗೆ ಬಹಳ ಇಷ್ಟವಾದ ಹಾಡು ಬಂತು. ಎಲ್ಲರೂ ಉಸಿರು ಬಿಗಿಹಿಡಿದರು. ಆದರೆ ಅಮ್ಮ ಕುಕ್ಕರನ್ನು ಮರೆತಿದ್ದಳು. ಎರಡನೇ ಚರಣ ಮುಗಿಯುವುದಕ್ಕೂ ಅದು ಕೂಗುವುದಕ್ಕೂ ಸರಿಹೋಯಿತು. ಅದರ ಹಿಂದೆಯೇ ಅಮ್ಮ ಓಡಿದ ಬಳೆಯ ಸದ್ದು. ಆ ಹಾಡು ಮತ್ತೆ ರೇಡಿಯೋದಲ್ಲಿ ಸಿಗಲಿಲ್ಲವಾದ್ದರಿಂದ ವರ್ಷಗಟ್ಟಲೆ ಅದನ್ನು ಹಾಗೆಯೇ ಕೇಳಿದೆವು.

ಆಮೇಲೊಮ್ಮೆ ಚಿಂತಾಮಣಿಯಲ್ಲಿ ನೆಂಟರ ಮದುವೆ. ನಾವು ಊಟಕ್ಕೆ ಕೂತಿದ್ದಾಗ ಮೈಕಿನಲ್ಲಿ ಅದೇ ಹಾಡು ಬಂತು. ಎರಡನೇ ಚರಣ ಮುಗಿಯಿತು. ಅಮ್ಮ, ಅಣ್ಣ, ನಾನು, ಮೂವರೂ ಒಟ್ಟಿಗೆ ಎಲೆಯಿಂದ ತಲೆಯೆತ್ತಿ ಕಾದೆವು. ಏನೂ ಕೂಗಲಿಲ್ಲ. ಹಾಡು ಸುಮ್ಮನೆ ಮುಂದಕ್ಕೆ ಹೋಯಿತು.

ಅಮ್ಮ ಬೇಜಾರಿನಿಂದ ಹೇಳಿದಳು: "ಯಾಕೋ ಇವರ ಹಾಡು ಇನ್ನೂ ಬೆಂದೇ ಇಲ್ಲ ಕಣೋ."

ನನ್ನ ಮೊದಲನೇ ಮದುವೆ

ನಮ್ಮಜ್ಜಿಯ ಗಂಟಲಿಗೆ ಎರಡು ಕೆಲಸ. ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹಸೆಯ ಮುಂದೆ ಕೂತು ಸೋಬಾನೆ ಹೇಳುವುದು ಒಂದು. ಅರ್ಧ ಕನ್ನಡ, ಅರ್ಧ ತೆಲುಗು, ಎಲ್ಲ ಅವಳೇ ಕಟ್ಟಿದಂತಿರುತ್ತಿತ್ತು. ನಮ್ಮ ಮುಸುಕಿನ ಜೋಳದ ಹೊಲಕ್ಕೆ ಬರುವ ಗಿಣಿಗಳನ್ನು ಕೂಗಿ ಓಡಿಸುವುದು ಇನ್ನೊಂದು. ಮನೆಯ ಅಂಗಳಕ್ಕೆ ಹೊಲ ಅಂಟಿಕೊಂಡೇ ಇತ್ತು, ಹಾಗಾಗಿ ಎರಡನೇ ಕೆಲಸಕ್ಕೆ ಹೊತ್ತುಗೊತ್ತು ಇರಲಿಲ್ಲ.

ಅವಳ ಸೋಬಾನೆಯನ್ನು ಟೇಪ್ ಮಾಡಬೇಕೆಂದು ನನಗೆ ಆಸೆ. ಕೇಳಿದರೆ ಬೈದಳು.

"ಹಸೆ ಮೇಲೆ ಗಂಡುಹೆಣ್ಣು ಇಲ್ದೆ ಯಾರಾದ್ರೂ ಸೋಬಾನೆ ಹೇಳ್ತಾರೇನೋ? ಗೋಡೆಗೆ ಹೇಳ್ಲಾ?"

"ನಾನೇ ಕೂತ್ಕೊತೀನಜ್ಜಿ."

"ಹೆಣ್ಣು?"

ಟೇಪ್ ರೆಕಾರ್ಡರ್ ಹೇಗೂ ಹತ್ತಿರದಲ್ಲೇ ಇರಬೇಕಿತ್ತು. ಅಮ್ಮ ಮಣೆಗಳನ್ನು ಹಾಕಿದಳು. ಒಂದರ ಮೇಲೆ ನಾನು, ಇನ್ನೊಂದರ ಮೇಲೆ ಅದು. ಅಣ್ಣ ಅದರ ಹಿಡಿಗೆ ಒಂದು ರವಿಕೆ ಕಣ ಹೊದಿಸಿದ. ಅಜ್ಜಿ ನಮ್ಮಿಬ್ಬರನ್ನೂ ದಿಟ್ಟಿಸಿ ನೋಡಿ, ಗಂಡಿನ ಕಡೆಯವಳಾಗಿ ಹೆಣ್ಣನ್ನು ಹಂಗಿಸುವ ಪದ ಎತ್ತಿಕೊಂಡಳು. ಹೆಣ್ಣು ಕಪ್ಪು, ಹೆಣ್ಣು ಕುಳ್ಳಿ, ಹೊಟ್ಟೆ ತುಂಬ ಬರೀ ರೀಲು, ಕಿವಿ ಹಿಂಡಿದರೆ ಮಾತ್ರ ಬಾಯಿ ಬಿಡ್ತಾಳೆ! ಅಲ್ಲೇ ಕೂತಲ್ಲೇ ಕಟ್ಟಿದ್ದು. ಅಮ್ಮ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು.

ಪದ ಒಳ್ಳೆ ಏರಿಗೆ ಬಂದಾಗ ಅಜ್ಜಿ ಥಟ್ಟನೆ ನಿಲ್ಲಿಸಿ ಎದ್ದಳು. "ಹೋಯ್! ಹೋ ಹೋಯ್! ಗಿಣಿ ಬಂದ್ವು ಕಣ್ರೋ!" ಎಂದು ಬಾಗಿಲಿಂದ ಕೂಗಿ, ವಾಪಸ್ ಬಂದು, ಬಿಟ್ಟಲ್ಲಿಂದಲೇ ಶುರುಮಾಡಿದಳು. ಕ್ಯಾಸೆಟ್ಟಿನ ಎರಡೂ ಮಗ್ಗುಲು ಇದೇ ಕಥೆ. ಅರ್ಧ ಸೋಬಾನೆ, ಅರ್ಧ ಗಿಣಿ.

ಹಿಂದಕ್ಕೆ ಸುತ್ತಿ ಕೇಳಿಸಿದರೆ ಅಜ್ಜಿ ಮುಖ ಸಿಂಡರಿಸಿದಳು. "ಪದ ಹೇಳೋಳು ಪರ್ವಾಗಿಲ್ಲ. ಮಧ್ಯಮಧ್ಯ ಬಂದು ಕೂಗ್ತಾಳಲ್ಲ, ಆ ಗಯ್ಯಾಳೀನ ಯಾಕೆ ಕರೆಸಿದ್ರಿ?"

ಆಮೇಲೆ ಅವಳೇ ಕುಂಕುಮದ ಭರಣಿ ತಂದು ಕ್ಯಾಸೆಟ್ಟಿಗೆ ಒಂದು ಬೊಟ್ಟಿಟ್ಟಳು. "ನಾಯ್ನಾ, ನಿನ್ನ ನಿಜವಾದ ಮದುವೆಗೆ ನಾನು ಇರ್ತೀನೋ ಇಲ್ವೋ. ಇಲ್ದೆ ಹೋದ್ರೆ ಹಸೆ ಮೇಲೆ ಕೂತಾಗ ಇದನ್ನ ಹಾಕಪ್ಪ. ನನ್ನ ಪದ ಇಲ್ದೆ ಮದುವೆ ಆಗ್ಬೇಡ."

"ಹಾಕ್ತೀನಜ್ಜಿ" ಅಂದೆ.

"ಹಂಗೇ ಈ ಮೊದಲನೇ ಹೆಂಡ್ತೀನೂ ಪಕ್ಕದಲ್ಲಿ ಕೂರಿಸ್ಕೋ. ಅವಳಿಲ್ದೆ ನಾನು ಬಾಯಿ ಬಿಡಕ್ಕಾಗಲ್ಲ."

ಕಿವಿ ಮಿಷನ್ನು

ಅಜ್ಜಿ ಹೋದ ಮೇಲೆ ನನಗೆ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಕೆಲಸ ಸಿಕ್ಕಿತು. ಜೇಬಿಗೊಂದು ವಾಕ್‌ಮನ್ ಬಂತು. ಅದನ್ನೇ ಕಿವಿಗೆ ಸಿಕ್ಕಿಸಿಕೊಂಡು ಶಿಡ್ಲಘಟ್ಟಕ್ಕೆ ಹೆಣ್ಣು ನೋಡಲು ಹೊರಟೆ. ಬಸ್ಸಿನಲ್ಲಿ ಅಮ್ಮ, ಅಣ್ಣ ಮುಂದಿನ ಸೀಟು. ನನ್ನ ಪಕ್ಕ ರೇಷ್ಮೆಗೂಡಿನ ಚೀಲ ತಬ್ಬಿಕೊಂಡ ಒಬ್ಬ ಹಿರಿಯರು.

ಅವರು ಏನೋ ಕೇಳಿದರು, ನನಗೆ ಕೇಳಿಸಲಿಲ್ಲ. ಮತ್ತೆ ಕೇಳಿದರು. ಕೊನೆಗೆ ಭುಜ ತಟ್ಟಿದಾಗ "ಏನಂದ್ರಿ?" ಅಂದೆ. ಅವರು ಕಿವಿಯಿಂದ ಜೇಬಿಗೆ ಇಳಿದ ವೈರನ್ನು ನೋಡಿ ತುಂಬ ಮರುಗಿದರು. ಅಲ್ಲಿಂದ ಶಿಡ್ಲಘಟ್ಟದವರೆಗೂ ನನ್ನ ಕಿವಿಗೆ ಬಾಯಿಟ್ಟೇ ಮಾತಾಡಿದರು. ಯಾವ ಮನೆಗೆ ಹೋಗುತ್ತಿದ್ದೇವೆಂದೂ ತಿಳಿದುಕೊಂಡರು.

ಅವರು ಹೆಣ್ಣಿನ ಮನೆಯ ಪಕ್ಕದವರು. ನಾವು ದಾರಿ ಕೇಳಿಕೊಂಡು ಹೋಗುವಷ್ಟರಲ್ಲಿ ಸುದ್ದಿ ಮುಟ್ಟಿಸಿದ್ದರು: "ಹುಡುಗ ಬಂಗಾರ. ಕಿವಿಗೆ ಮಾತ್ರ ಮಿಷನ್ನು."

ಹೆಣ್ಣಿನ ಅಪ್ಪ ನನ್ನ ಕಡೆ ಬಗ್ಗಿ, "ಉಪ್ಪಿಟ್ಟು ತಗೊಳ್ಳಿ!" ಎಂದು ಅಬ್ಬರಿಸಿದರು. ಪಾಪ, ಇವರಿಗೆ ಕಿವಿ ಮಂದವಿರಬೇಕೆಂದು ನಾನೂ ಅಷ್ಟೇ ಜೋರಾಗಿ "ಸಾಕು ಸಾರ್!" ಎಂದು ಕೂಗಿದೆ. ಅಡುಗೆಮನೆಯಿಂದ ಇಣುಕಿದ ಹುಡುಗಿ ನಗುತ್ತಿದ್ದಳು. ನನಗೆ ಅವಳು ಇಷ್ಟವಾದದ್ದು ಆ ನಗುವಿಗೇ.

ಇಬ್ಬರ ಕಿವಿಯೂ ನೆಟ್ಟಗಿದೆ ಎಂದು ಗೊತ್ತಾದದ್ದು ನಿಶ್ಚಿತಾರ್ಥದ ದಿನ. ಅಷ್ಟರಲ್ಲಿ ಅಭ್ಯಾಸ ಕೂತುಬಿಟ್ಟಿತ್ತು. ಇವತ್ತಿಗೂ ಮಾವನೂ ನಾನೂ ಫೋನಿನಲ್ಲಿ ಮಾತಾಡಿದರೆ ಪಕ್ಕದ ಮನೆಯವರು ಜಗಳ ಬಿಡಿಸಲು ಬರುತ್ತಾರೆ.

ಹುಡುಕಾಟ

ಮದುವೆ ಹತ್ತಿರ ಬಂದಾಗ ಒಂದು ರಾತ್ರಿಯ ಮಟ್ಟಿಗೆ ಊರಿಗೆ ಹೋಗಿ ಅಜ್ಜಿಯ ಕ್ಯಾಸೆಟ್ಟು ಹುಡುಕಿದೆ. ಮನೆಗೆ ಸಿ.ಡಿ. ಪ್ಲೇಯರ್ ಬಂದು ಕ್ಯಾಸೆಟ್ಟುಗಳು ಮೂಲೆ ಸೇರಿದ್ದವು. ಖಾಲಿ ಡಬ್ಬಿಗಳಲ್ಲಿ ಅಮ್ಮ ಗುಂಡಿ, ಪಿನ್ನು, ಸೂಜಿ ತುಂಬಿಟ್ಟಿದ್ದಳು. ಸಿಕ್ಕಿದ ಒಂದೆರಡನ್ನು ಹಾಕಿ ಕೇಳಿದರೆ ಒಂದರಲ್ಲಿ ಕುಕ್ಕರ್ ಕೂಗಿತು. ಅಜ್ಜಿ ಎಲ್ಲೂ ಇರಲಿಲ್ಲ.

ಅವಳ ಪದವಿಲ್ಲದೆಯೇ ಹಸೆಯ ಮೇಲೆ ಕೂತೆ. ಬಾಡಿಗೆಯ ಸ್ಪೀಕರುಗಳು ಎದೆ ನಡುಗುವಂತೆ ಹೊಡೆಯುತ್ತಿದ್ದವು. ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂದು ಬಹಳ ಸಂಕಟವಾಯಿತು. ಕಣ್ಣು ಒರೆಸಿಕೊಂಡಾಗ ಹೆಂಡತಿ ಏನೆಂದು ಕೇಳಿದಳು. ಹೇಳಿದೆ. ಆ ಗದ್ದಲದಲ್ಲಿ ಅವಳಿಗೆ ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸಿದ್ದು ಮಾವನೊಬ್ಬರದೇ: "ಅಳಿಯಂದ್ರೇ! ಹೊಗೆ ಜಾಸ್ತಿ ಆಯ್ತಾ!"

ಬಾವಿ ಪಕ್ಕದ ಸಾಲು

ಜೋಳ ತೆನೆಗಟ್ಟಿದಾಗ ಹೆಂಡತಿಯನ್ನು ಊರಿಗೆ ಕರೆದುಕೊಂಡು ಹೋದೆ. ಅಷ್ಟರಲ್ಲಿ ಸೋಬಾನೆಯ ಕಥೆಯನ್ನೆಲ್ಲ ಅವಳಿಗೆ ಹೇಳಿದ್ದೆ. ಹೊಲದ ತುಂಬ ಗೂಟದಿಂದ ಗೂಟಕ್ಕೆ ಕ್ಯಾಸೆಟ್ಟಿನ ರೀಲು ಕಟ್ಟಿತ್ತು. ಬಿಸಿಲಿಗೆ ಮಿಂಚುತ್ತಿತ್ತು, ಗಾಳಿಗೆ ಜುಂಯ್ ಎನ್ನುತ್ತಿತ್ತು.

ಅಣ್ಣನಿಗೆ ಹೆಮ್ಮೆ. "ಅಜ್ಜಿ ಹೋದ್ಮೇಲೆ ಗಿಣಿ ಓಡ್ಸೋರು ಯಾರಿದ್ದಾರೆ? ಮೂಲೇಲಿ ಕೈಗೆ ಸಿಕ್ಕಿದ ಹಳೇ ಕ್ಯಾಸೆಟ್ಟೆಲ್ಲ ಬಿಚ್ಚಿ ಕಟ್ದೆ. ಈ ಸದ್ದಿಗೆ ಹೆದರ್ತವೆ."

ಬಾವಿಯ ಪಕ್ಕದ ಗೂಟದ ಬುಡದಲ್ಲಿ ಖಾಲಿ ಕ್ಯಾಸೆಟ್ಟೊಂದು ಬಿದ್ದಿತ್ತು. ಎತ್ತಿ ಮಣ್ಣು ಒರೆಸಿದೆ. ಒಣಗಿದ ಕುಂಕುಮದ ಬೊಟ್ಟು.

"ಅದರಲ್ಲೇನಿತ್ತೋ?" ಅಂದ ಅಣ್ಣ.

"ಅಜ್ಜಿ ಇದ್ದಳು ಕಣಣ್ಣ."

ಅಣ್ಣ ಹಾಗೇ ಬದುವಿನ ಮೇಲೆ ಕುಸಿದು ಕೂತ. ಮದುವೆಯ ಓಡಾಟದಲ್ಲಿ ಅವನೂ ಅದನ್ನು ಹುಡುಕಿದ್ದವನೇ. "ಗೊತ್ತಾಗ್ಲಿಲ್ಲ ಕಣೋ. ಮುಂಗಾರಿನಲ್ಲೇ ಕಟ್ಬಿಟ್ಟಿದ್ದೆ, ಯಾವುದ್ರಲ್ಲಿ ಏನಿದೆ ಅಂತ ನೋಡ್ಲೇ ಇಲ್ಲ. ಮದುವೆ ಗಡಿಬಿಡೀಲಿ ಅದು ನೆನಪಿಗೂ ಬರ್ಲಿಲ್ಲ. ಬಿಚ್ಚಿ ಸುತ್ತಿಕೊಡ್ಲಾ?" ಮುಟ್ಟಿ ನೋಡಿದೆ. ಬಿಸಿಲಿಗೆ ರೀಲು ಸೀಳಿ ಪುಡಿಪುಡಿಯಾಗುತ್ತಿತ್ತು.

ಅಣ್ಣನೇ ಮೆಲ್ಲಗೆ ಹೇಳಿದ: "ಒಂದು ಮಾತು ನಿಜ ಕಣೋ. ಮಿಕ್ಕ ಸಾಲಲ್ಲಿ ಗಿಣಿಗಳಿಗೆ ರೂಢಿಯಾಗಿ ರೀಲಿನ ಮೇಲೇ ಬಂದು ಕೂರ್ತವೆ. ಈ ಸಾಲಿಗೆ ಮಾತ್ರ ಒಂದೂ ಬಂದಿಲ್ಲ."

ಹೆಂಡತಿ ನನ್ನ ಕೈಹಿಡಿದು ಆ ರೀಲಿನ ಕೆಳಗೆ ನಿಲ್ಲಿಸಿಕೊಂಡಳು. "ಬನ್ರೀ, ಇಲ್ಲೇ ನಿಂತ್ಕೊಳ್ಳಣ. ಅವರ ಪದ ಆಗ್ಲಿ" ಅಂದಳು. ನಿಂತೆವು. ಗಾಳಿ ಬೀಸಿತು. ತಲೆಯ ಮೇಲೆ ರೀಲು ಸಣ್ಣಗೆ ಗುಂಯ್‌ಗುಟ್ಟತೊಡಗಿತು. ನಾನು ಅಳು ತಡೆದುಕೊಂಡು ಕೇಳಿದೆ.

ಅಷ್ಟರಲ್ಲಿ ಆಚೆ ಹೊಲದಿಂದ ಗಿಣಿಗಳ ಒಂದು ಹಿಂಡು ನಮ್ಮ ಕಡೆಗೇ ನುಗ್ಗಿ ಬಂತು. ಬಾವಿಯ ಹತ್ತಿರ ಬಂದದ್ದೇ ತಡ, ರೀಲು ಪಟಪಟನೆ ಹೊಡೆದುಕೊಂಡಿತು, ಹಿಂಡು ಕಿರುಚಿಕೊಂಡು ತಿರುಗಿ ಬಂದ ದಾರಿಯನ್ನೇ ಹಿಡಿಯಿತು.

ಅಣ್ಣ ಬದುವಿನಿಂದ ಎದ್ದು ನಿಂತ.

"ನೋಡ್ದೇನೋ? ಪದ ಅರ್ಧಕ್ಕೇ ಬಿಟ್ಟು ಎದ್ಲು!"